ಶಾಲು ಯಾರ ಹೆಗಲಿಗೆ?

ಒಂದು ಕಾರ್ತಿಕದಲ್ಲಿ ಗೂಳೂರಿನ ಗಣಪತಿಯನ್ನು ನೋಡುವ ನೆಪ ಮಾಡಿಕೊಂಡು ಅಕ್ಕ, ನಾನು ಹೆಬ್ಬೂರಿಗೆ ಹೋಗಿದ್ದೆವು. ತುಮಕೂರಿನಿಂದ ಕುಣಿಗಲ್ ದಾರಿಯಲ್ಲಿ ಗೂಳೂರು ದಾಟಿದ ಮೇಲೆ ಸಿಗುವ ಹೋಬಳಿ ಊರು ಅದು, ನಮ್ಮ ತವರು. ನಾವು ಹೋದ ದಿನವೇ ಅಲ್ಲೊಂದು ಸನ್ಮಾನವಿತ್ತು. ನಮ್ಮೂರಿನವರೇ ಒಬ್ಬರು ಬೆಂಗಳೂರಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು, ನಿವೃತ್ತರಾದ ಮೇಲೂ ಸರ್ಕಾರಕ್ಕೆ ಸಲಹೆಗಾರರಾಗಿ ದುಡಿದಿದ್ದರು. ಶಾಮಿಯಾನ ಹಾಕಿ, ಬಾಳೆಕಂಬ ಕಟ್ಟಿ, ಊರಿಗೆ ಊರೇ ಸೇರಿತ್ತು.

ಐದು ಜನ ಭಾಷಣ ಮಾಡಿದರು. ಐವರೂ ಹೇಳಿದ್ದು ಒಂದೇ ಮಾತು: ಇವರು ಕೈ ಕೊಳೆ ಮಾಡಿಕೊಂಡವರಲ್ಲ. ಆಮೇಲೆ ಪೇಟ, ಶಾಲು, ಗಂಧದ ಹಾರ. ಎಲ್ಲ ಮುಗಿದ ಮೇಲೆ ಯಾರಿಗೋ ನೆನಪಾಗಿ, ಶ್ರೀಮತಿಯವರೂ ವೇದಿಕೆಗೆ ಬರಬೇಕೆಂದು ಕೂಗಿದರು. ಹೆಂಗಸರ ಸಾಲಿನಿಂದ ಆಕೆ ಎದ್ದು ಹೋದರು. ಅರಿಶಿನ ಕುಂಕುಮ, ಒಂದು ಕಣ. ಎರಡು ಮಾತಾಡಿ ಅಂತ ಮೈಕು ಹಿಡಿದಾಗ ಆಕೆ, “ಅವರು ತಗೊಳ್ಳಲಿಲ್ಲ, ನಾನು ಕೇಳಲಿಲ್ಲ. ಅಷ್ಟೇ,” ಎಂದರು. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ಕೂತಿದ್ದ ಅಕ್ಕ ಮಾತ್ರ ನಗಲಿಲ್ಲ. “ಮಕ್ಕಳನ್ನೂ ಒಂದು ಮಾತು ಕೇಳಬೇಕಿತ್ತು,” ಎಂದಳು. ಅಕ್ಕನ ಆ ಮಾತಿನ ಹಿಂದೆ ಏನಿದೆ ಎಂದು ನನಗೆ ಗೊತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಇಂಥ ಸಮಾರಂಭಗಳಲ್ಲೆಲ್ಲ ನನಗೆ ಡಿ.ವಿ.ಜಿ. ನೆನಪಾಗುತ್ತಾರೆ. ಕಗ್ಗದ ಡಿ.ವಿ.ಜಿ. ಎಂದೇ ನಾವು ಅವರನ್ನು ಬಲ್ಲೆವು. ಆದರೆ ಅವರ ಬಾಳಿನ ಬಹುಪಾಲು ಕಳೆದದ್ದು ಸಾರ್ವಜನಿಕ ವ್ಯವಹಾರದಲ್ಲಿ. ಪತ್ರಿಕೆ ನಡೆಸಿದರು, ಮೈಸೂರು ಸಂಸ್ಥಾನದ ಶಾಸನ ಪರಿಷತ್ತಿನಲ್ಲಿ ಕೂತರು, ರಾಜ್ಯಶಾಸ್ತ್ರದ ಬಗ್ಗೆ ಕನ್ನಡದಲ್ಲಿ ಬರೆದರು, ದಿವಾನರುಗಳಿಗೆ ಬೇಕಾದ ಬುದ್ಧಿಮಾತು ಹೇಳಿದರು. ಸರ್ಕಾರದ ಕೆಲಸಕ್ಕೆಂದು ಬಂದ ಚೆಕ್ಕುಗಳನ್ನು ಅವರು ನಗದು ಮಾಡಿಸಲೇ ಇಲ್ಲವಂತೆ. ಅವು ಪೆಟ್ಟಿಗೆಯಲ್ಲೇ ಉಳಿದಿದ್ದುವು ಎಂದು ಬಲ್ಲವರು ಹೇಳುತ್ತಾರೆ. 1970ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ಸನ್ಮಾನ ಮಾಡಿ 90 ಸಾವಿರ ರೂಪಾಯಿ ಅರ್ಪಿಸಿದರು. ಅಷ್ಟನ್ನೂ ಅವರು ತಾವೇ 1945ರಲ್ಲಿ ಕಟ್ಟಿದ್ದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ಆಗ ಅವರಿಗೆ 83 ವರ್ಷ.

ಇದರ ಜೊತೆಗೆ ಇನ್ನೊಂದು ಪ್ರಸಂಗವನ್ನು ನೀವೂ ಕೇಳಿರುತ್ತೀರಿ. ನೆಂಟರ ಮನೆಯಲ್ಲಿ ಏನೋ ಸಮಾರಂಭ. ಮಕ್ಕಳೆಲ್ಲ ಹೋಗಿದ್ದಾರೆ, ಹೆಂಡತಿ ಭಾಗೀರಥಮ್ಮ ಮಾತ್ರ ಮನೆಯಲ್ಲಿದ್ದಾರೆ. ಯಾಕೆ ಹೋಗಲಿಲ್ಲ ಎಂದು ಗಂಡ ಕೇಳುತ್ತಾರೆ. ಉಟ್ಟ ಸೀರೆ ಹರಿದಿದೆ, ಬೇರೆ ಇಲ್ಲ, ಹೀಗೆ ನಾಲ್ಕು ಜನರ ಮುಂದೆ ಹೋದರೆ ನಿಮ್ಮ ಹೆಸರಿಗೇ ಕುಂದು ಎಂಬ ಅರ್ಥದ ಮಾತನ್ನು ಆಕೆ ಹೇಳುತ್ತಾರೆ. ಇದನ್ನು ಹೇಳುವವರ ಗಂಟಲು ಪ್ರತಿಸಲವೂ ಕಟ್ಟುತ್ತದೆ. ನನಗೂ ಕಟ್ಟುತ್ತದೆ. ಆದರೆ ಅಡಿಗೆಮನೆಗೆ ಬಂದ ಮೇಲೆ ಬೇರೊಂದು ಯೋಚನೆ ಶುರುವಾಗುತ್ತದೆ. ಭಾಗೀರಥಮ್ಮ ಬೆಂಕಿಯ ಅನಾಹುತದಲ್ಲಿ ತೀರಿಕೊಂಡದ್ದು 1924ರಲ್ಲಿ. ಡಿ.ವಿ.ಜಿ. ಮತ್ತೆ ಮದುವೆಯಾಗಲಿಲ್ಲ. ಕಲಾಕ್ಷೇತ್ರದಲ್ಲಿ ಆ ತೊಂಬತ್ತು ಸಾವಿರ ಬಂದಾಗ ಆಕೆ ಹೋಗಿ 46 ವರ್ಷವಾಗಿತ್ತು. ಆ ಹಣದಲ್ಲಿ ಒಂದು ಸೀರೆಯ ಬೆಲೆ ಆಕೆಯದಾಗಿತ್ತಲ್ಲವೆ? ಅವರನ್ನು ತೂಗಲು ನಾನು ಯಾರೂ ಅಲ್ಲ. ಆ ಹಿರಿಯರು ಕಂಡರೆ ಎದ್ದು ಕೈಮುಗಿಯುವವಳೇ ನಾನು. ಕೈಮುಗಿದೂ ಕೇಳಬಹುದಾದ ಪ್ರಶ್ನೆ ಇದು ಎಂದುಕೊಂಡಿದ್ದೇನೆ. ನನ್ನ ಪಾಲನ್ನು ನಾನು ಬಿಟ್ಟರೆ ಅದು ತ್ಯಾಗ. ಇನ್ನೊಬ್ಬರ ಪಾಲನ್ನು ಅವರನ್ನು ಕೇಳದೆ ಬಿಟ್ಟರೆ ಅದಕ್ಕೇನು ಹೆಸರು?

ಚಿಕ್ಕಂದಿನಲ್ಲಿ ವಾಲ್ಮೀಕಿಯ ಕಥೆ ಕೇಳಿದ್ದೇವೆ. ದಾರಿಹೋಕರನ್ನು ದೋಚುತ್ತಿದ್ದ ಬೇಡ ಮನೆಗೆ ಬಂದು, ನನ್ನ ಪಾಪದಲ್ಲಿ ಪಾಲು ತಗೋತೀರಾ ಎಂದು ಹೆಂಡತಿ ಮಕ್ಕಳನ್ನು ಕೇಳಿದ. ಅವರು ಇಲ್ಲ ಎಂದರು. ಪಾಪ ಮಾಡಿದವನು ಬಂದು ಕೇಳಿದನಲ್ಲ, ಪುಣ್ಯ ಮಾಡುವವರು ಯಾಕೆ ಬಂದು ಕೇಳುವುದಿಲ್ಲವೋ! ಪುಣ್ಯದಲ್ಲಿ ಪಾಲು ಎಂದರೆ ಹರಿದ ಸೀರೆ, ಸಾಲದ ಅಂಗಡಿ. ವಿಶ್ವೇಶ್ವರಯ್ಯನವರು 1912ರಲ್ಲಿ ದಿವಾನರಾಗುವ ಮುಂಚೆ ತಾಯಿಯ ಬಳಿ, ನೆಂಟರಿಗಾಗಿ ನನ್ನಲ್ಲಿ ಏನೂ ಕೇಳಕೂಡದೆಂದು ಮಾತು ತೆಗೆದುಕೊಂಡರು ಎಂಬ ಕಥೆಯಿದೆ. ಅದು ನಿಜವೇ ಆಗಿದ್ದರೆ ನನಗದು ಸರಿ ಕಾಣುತ್ತದೆ. ಮೊದಲೇ ಹೇಳಿದರು, ತಾಯಿ ಒಪ್ಪಿದರು.

ನಮ್ಮಪ್ಪ ಸರ್ಕಾರಿ ಗುಮಾಸ್ತರು. ಅವರ ಹೆಸರೂ ಚೊಕ್ಕಟವೇ. ಅಕ್ಕನ ಮದುವೆ ಗೊತ್ತಾಗಿ, ಎರಡೆಳೆ ಸರಕ್ಕೆ ಮಾತಾಗಿ, ಕೈಯಲ್ಲಿ ಒಂದೆಳೆಗೂ ದುಡ್ಡಿಲ್ಲದ ಹೊತ್ತು. ಒಂದು ಸಂಜೆ ಯಾರೋ ಬಂದು ಜಗಲಿಯ ಮೇಲೆ ಮೂಟೆ ಕಾಯಿ ಇಳಿಸಿದರು. ಅದರ ಜೊತೆ ಬಟ್ಟೆಯಲ್ಲಿ ಕಟ್ಟಿದ ಒಂದು ಗಂಟು. ಅಪ್ಪ ಬೇಡ ಅನ್ನಲಿಲ್ಲ. ಬೇಕು ಅಂತಲೂ ಅನ್ನಲಿಲ್ಲ. ಕಂಬಕ್ಕೆ ಒರಗಿ ಸುಮ್ಮನೆ ಕೂತಿದ್ದರು. ಅಮ್ಮ ಒಳಗಿನಿಂದ ಬಂದು, “ಇದು ನಮ್ಮನೇದಲ್ಲ, ತಗೊಂಡು ಹೋಗಪ್ಪ,” ಎಂದಳು. ಅವನು ಅಪ್ಪನ ಮುಖ ನೋಡಿದ. ಅಪ್ಪ ನೆಲ ನೋಡಿದರು. ಅಮ್ಮ ತಾನೇ ಮೂಟೆಯನ್ನು ಜಗಲಿಯಂಚಿಗೆ ದಬ್ಬಿದಳು. ನನಗೆ ಆಗ ಹನ್ನೊಂದು ವರ್ಷ. ಬಾಗಿಲ ಸಂದಿಯಲ್ಲಿ ನಿಂತು ನೋಡಿದೆ.

ಅಪ್ಪ ನಿವೃತ್ತರಾದ ದಿನ ಅವರಿಗೂ ಶಾಲು ಹೊದಿಸಿದರು. ಕೈ ಬಾಯಿ ಶುದ್ಧ ಇಟ್ಟುಕೊಂಡವರು ಎಂದು ಹೊಗಳಿದರು. ಅಪ್ಪ ಜಗಲಿಯ ಕಥೆ ಹೇಳಲಿಲ್ಲ, ಅಮ್ಮನೂ ಹೇಳಲಿಲ್ಲ. ಅವರು ಹೋದ ಮೇಲೆ ಒಮ್ಮೆ ಅಮ್ಮನನ್ನು ಕೇಳಿದೆ: “ಆವತ್ತು ಅಪ್ಪನಿಗೆ ಸಿಟ್ಟು ಬರಲಿಲ್ಲವೇನೆ?” ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. “ಸಿಟ್ಟೇನು ಬಂತು? ವಾರದಿಂದ ಸರಿಯಾಗಿ ಉಂಡಿರಲಿಲ್ಲ. ಆವತ್ತು ರಾತ್ರಿ ಎರಡು ಮುದ್ದೆ ಹಾಕಿಸ್ಕೊಂಡ್ರು,” ಎಂದಳು. ಆ ಶಾಲು ಬಹಳ ದಿನ ಟ್ರಂಕಿನಲ್ಲಿತ್ತು. ಆಮೇಲೆ ಮೊಮ್ಮಕ್ಕಳ ತೊಟ್ಟಿಲಿಗೆ ಹಾಸಿಗೆಯಾಯಿತು.

ಅಮ್ಮನನ್ನು ಯಾರೂ ಕೇಳಬೇಕಾಗಿರಲಿಲ್ಲ, ಆಕೆಯೇ ತೀರ್ಮಾನಿಸಿದಳು. ಭಾಗೀರಥಮ್ಮನವರೂ ಹಾಗೇ ಇರಬಹುದು. ಪಾಪ ಎಂದು ನಾವು ಮರುಗುವುದೇ ಅವರಿಗೆ ಅವಮಾನವಾದೀತು. ಗಂಡನ ಹೆಸರನ್ನು ಕಾಯ್ದ ಮಾತು ಆಕೆಯದು, ಗಂಡನದಲ್ಲ. ಇಷ್ಟು ಯೋಚಿಸಿ ನನಗೆ ಸಮಾಧಾನವಾಗಿದ್ದೂ ಉಂಟು. ಆದರೆ ಅಕ್ಕ ಇದ್ದಾಳಲ್ಲ. ಒಂದೆಳೆ ಸರ ಹಾಕಿಕೊಂಡು ಅತ್ತೆಮನೆಗೆ ಹೋದವಳು ಅವಳು. ಮಾತಿಗೆ ತಪ್ಪಿದವರ ಮಗಳು ಎಂದು ಆರೇಳು ವರ್ಷ ಕೇಳಿಸಿಕೊಂಡಳು. ಅಪ್ಪ ಅಮ್ಮ ಇಬ್ಬರೂ ಶುದ್ಧರಾದರು, ಅವಳನ್ನು ಮಾತ್ರ ಯಾರೂ ಕೇಳಿರಲಿಲ್ಲ. ಮೂಟೆಯ ಸಂಗತಿಯನ್ನು ಅವಳಿಗೆ ನಾನು ಹೇಳಿದ್ದು ಎಷ್ಟೋ ವರ್ಷದ ಮೇಲೆ. ಎರಡು ದಿನ ನನ್ನ ಜೊತೆಯೂ ಮಾತು ಬಿಟ್ಟಿದ್ದಳು.

ಸನ್ಮಾನ ಮುಗಿಸಿಕೊಂಡು ಬಸ್ಸಿನಲ್ಲಿ ಬರುವಾಗ ನಾನು ಮೆಲ್ಲಗೆ, “ಇನ್ನೂ ಸಿಟ್ಟಿದೆಯೇನೆ?” ಎಂದೆ. ಅಕ್ಕ ಕಿಟಕಿಯಾಚೆ ತೆಂಗಿನ ಸಾಲು ನೋಡುತ್ತಿದ್ದಳು. “ಇದೆ,” ಎಂದಳು. ಗೂಳೂರು ಬಂತು, ಗಣಪತಿ ನೋಡಲು ಬಂದವರು ಇಳಿದರು, ಹತ್ತಿದರು. ಅವಳ ಕೈ ಕೊರಳಿಗೆ ಹೋಯಿತು. “ಇದನ್ನ ಮೊಮ್ಮಗಳಿಗೆ ಕೊಡ್ತೀನಿ. ಕರಗಿಸಿ ಎರಡೆಳೆ ಮಾಡಿಸಬೇಡಾಂತ ಹೇಳಿದೀನಿ ಅವಳಿಗೆ.”