ಕೊಲ್ಲದಿರುವುದಕ್ಕೂ ಖರ್ಚಿದೆ

ಇಂದಿನ ಚಿಂತನೆ: ಮೊದಲ ಶೀಲ ಮತ್ತು ಹಿತ್ತಿಲ ಕೋಳಿಗೂಡು

ಕೋಳಿ ಸಾಕುವ ನಮ್ಮ ಅಕ್ಕಂದಿರು ಕೇಳುವ ಪ್ರಶ್ನೆಯೊಂದಿದೆ. ಮುಂಗುಸಿ ಬಂದು ಕೋಳಿಯ ಕುತ್ತಿಗೆ ಕಚ್ಚಿ ಹೋದರೆ, ಪಂಚಶೀಲ ತೆಗೆದುಕೊಂಡವರು ಕೈಕಟ್ಟಿ ನಿಲ್ಲಬೇಕೋ, ವಿಷ ಇಡಬೇಕೋ?

ಇದು ನಕ್ಕು ಬಿಡುವ ಪ್ರಶ್ನೆಯಲ್ಲ. ಮೂರು ಸೆಂಟ್ಸ್, ಐದು ಸೆಂಟ್ಸ್ ಜಾಗದ ಮನೆಗಳಲ್ಲಿ ಕೋಳಿ ಎಂದರೆ ತಾಯಂದಿರ ಉಳಿತಾಯ. ಮೊಟ್ಟೆ ಮಾರಿದ ದುಡ್ಡು ಯಾರನ್ನೂ ಕೇಳದೆ ಅವರ ಕೈಗೆ ಬರುವ ದುಡ್ಡು. ಮಗಳ ನೋಟ್‌ಬುಕ್, ಬಸ್ಸಿನ ಚಾರ್ಜು, ಜ್ವರದ ಮಾತ್ರೆ ಎಲ್ಲವೂ ಅದರಲ್ಲೇ. ಒಂದು ರಾತ್ರಿ ಐದು ಕೋಳಿ ಹೋದರೆ ಹೋಗುವುದು ಬರೀ ಕೋಳಿಯಲ್ಲ.

ನಮ್ಮ ಮಂಗಳೂರು ಗುಡ್ಡಗಳ ಊರು. ತುಳುವಿನಲ್ಲಿ ಪಿಲಿ ಎಂದರೆ ಹುಲಿ; ಪಿಲಿಕುಳ ಎಂಬ ಹೆಸರಿನಲ್ಲೇ ಹುಲಿ ನೀರು ಕುಡಿಯುತ್ತಿದ್ದ ಕೊಳದ ನೆನಪಿದೆ. ಹುಲಿ ಹೋಯಿತು. ಮುಂಗುಸಿ, ಕಾಡುಬೆಕ್ಕು, ಪುನುಗು ಬೆಕ್ಕು, ನರಿ, ಉಡ, ಹೆಬ್ಬಾವು ಉಳಿದುಕೊಂಡವು. ಗುಡ್ಡ ಅಗೆದು ಅಪಾರ್ಟ್‌ಮೆಂಟ್ ಎದ್ದ ಕಡೆಯಲ್ಲೆಲ್ಲ ಅವು ಮಿಕ್ಕ ಪೊದೆಗಳಿಗೆ, ಅಲ್ಲಿಂದ ಪಕ್ಕದ ಹಿತ್ತಿಲಿಗೆ ಸರಿಯುತ್ತವೆ. ಗುಡ್ಡ ಅಗೆಸಿದವರ ಮನೆಯಲ್ಲಿ ಕೋಳಿ ಇಲ್ಲ. ನಷ್ಟ ಬೀಳುವುದು ಗುಡ್ಡದ ಬುಡದಲ್ಲಿರುವವರಿಗೆ.

ಹಾಗಾದರೆ ಉತ್ತರವೇನು? "ನಿಮ್ಮ ಪ್ರಾರಬ್ಧ, ಸಹಿಸಿಕೊಳ್ಳಿ" ಎನ್ನುವುದು ನಮ್ಮ ದಾರಿಯಲ್ಲ. ಅಂಥ ಮಾತು ಕೇಳಿ ಕೇಳಿ ಸಾಕಾಗಿಯೇ ನಮ್ಮವರು 1956ರಲ್ಲಿ ನಾಗಪುರದಲ್ಲಿ ಹೊಸ ದಾರಿ ಹಿಡಿದದ್ದು. ಆ ದಿನದ 22 ಪ್ರತಿಜ್ಞೆಗಳಲ್ಲೇ ಸಕಲ ಜೀವಿಗಳಿಗೆ ಕರುಣೆ ತೋರಿ ಕಾಪಾಡುತ್ತೇನೆ ಎಂಬ ಪ್ರತಿಜ್ಞೆಯೂ ಇದೆ. ಕೋಳಿಯೂ ಜೀವಿ, ಮುಂಗುಸಿಯೂ ಜೀವಿ.

1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಬಾಬಾಸಾಹೇಬರು ಎರಡು ಸಂಗತಿಗಳನ್ನು ಬೇರ್ಪಡಿಸುತ್ತಾರೆ: ಕೊಲ್ಲಬೇಕಾದ ಅಗತ್ಯ ಮತ್ತು ಕೊಲ್ಲುವ ಇಚ್ಛೆ. ಬುದ್ಧರು ಅಹಿಂಸೆಯನ್ನು ಕಟ್ಟುನಿಟ್ಟಿನ ನಿಯಮವಾಗಿ ಹೇರಲಿಲ್ಲ, ತತ್ತ್ವವಾಗಿ ಕೊಟ್ಟರು ಎನ್ನುತ್ತಾರೆ. ನಿಯಮವನ್ನು ಪಾಲಿಸಿದರೆ ಸಾಕು. ತತ್ತ್ವವಾದರೆ ಪ್ರತಿ ಸಲವೂ ನಾವೇ ಯೋಚಿಸಬೇಕು.

ಯೋಚಿಸೋಣ. ಮಗು ಆಡುವ ಅಂಗಳಕ್ಕೆ ಹುಚ್ಚುನಾಯಿ ನುಗ್ಗಿದರೆ ಅದು ಅಗತ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೂಡ, ಮನುಷ್ಯರ ಪ್ರಾಣ ಕಾಪಾಡಲು ಸದುದ್ದೇಶದಿಂದ ಕಾಡುಪ್ರಾಣಿಯನ್ನು ಕೊಂದರೆ ಅಪರಾಧ ಎನ್ನುವುದಿಲ್ಲ. ಆದರೆ ಸತ್ತ ಕೋಳಿಗೆ ವಿಷ ಸವರಿ ಬೇಲಿಯ ಬಳಿ ಇಡುವುದು? ಅದನ್ನು ತಿನ್ನುವುದು ಅದೇ ಮುಂಗುಸಿ ಎಂದು ಯಾರು ಹೇಳಬಲ್ಲರು? ಪಕ್ಕದ ಮನೆಯ ನಾಯಿ ತಿನ್ನಬಹುದು, ಗಿಡುಗ ತಿನ್ನಬಹುದು, ಮಗುವಿನ ಕೈಗೂ ಸಿಗಬಹುದು. ಮುಂಗುಸಿಯೇ ಸತ್ತರೂ ಆ ಜಾಗಕ್ಕೆ ಇನ್ನೊಂದು ಬರುತ್ತದೆ. ಗೂಡಿನ ತೂತು ಹಾಗೇ ಇರುತ್ತದೆ. ಮುಂಗುಸಿ, ಉಡ, ಹೆಬ್ಬಾವುಗಳನ್ನು ಕೊಲ್ಲುವುದು ಕಾನೂನಿನಲ್ಲೂ ಅಪರಾಧ. ಸಿಟ್ಟು ಸಹಜ. ಆದರೆ ಸಿಟ್ಟನ್ನೇ ಅಗತ್ಯ ಎಂದುಕೊಂಡಾಗ ನಾವು ಶೀಲದಿಂದ ಜಾರುತ್ತೇವೆ.

"ಐದು ಕೊಂದು ಒಂದನ್ನೂ ಪೂರ್ತಿ ತಿನ್ನದೆ ಹೋಯಿತು, ಇದು ಕ್ರೌರ್ಯವಲ್ಲವೇ?" ಎಂದೂ ಕೇಳುತ್ತಾರೆ. ಬಯಲಿನಲ್ಲಾದರೆ ಒಂದು ಕೋಳಿ ಸಿಕ್ಕಿಬೀಳುವಷ್ಟರಲ್ಲಿ ಉಳಿದವು ಓಡಿಹೋಗುತ್ತವೆ. ಮುಚ್ಚಿದ ಗೂಡಿನಲ್ಲಿ ಅವು ಓಡಲಾರವು, ರೆಕ್ಕೆ ಬಡಿಯುತ್ತಾ ಅಲ್ಲೇ ಇರುತ್ತವೆ. ಎದುರಿಗೆ ಬೇಟೆ ಅಲುಗಾಡುತ್ತಿರುವಷ್ಟು ಹೊತ್ತು ಆ ಪ್ರಾಣಿ ಕಚ್ಚುತ್ತಲೇ ಇರುತ್ತದೆ. ಅದಕ್ಕೆ ದ್ವೇಷ ಗೊತ್ತಿಲ್ಲ. ದ್ವೇಷ ಗೊತ್ತಿರುವುದು ನಮಗೆ. ಆದ್ದರಿಂದಲೇ ಶೀಲ ಇರುವುದು ನಮಗೆ, ಮುಂಗುಸಿಗಲ್ಲ.

"ನಾವೂ ಕೋಳಿ ತಿನ್ನುತ್ತೇವಲ್ಲ?" ಹೌದು. ಅಹಿಂಸೆಯನ್ನು ಊಟದ ಮಡಿಯನ್ನಾಗಿ ಮಾಡಿ ನಮ್ಮನ್ನು ಹೊರಗಿಟ್ಟವರ ಲೆಕ್ಕ ನಮಗೆ ಬೇಡ. ನಾವೂ ತಿನ್ನುವವರೇ ಎಂಬ ನೆನಪಿದ್ದರೆ ಮುಂಗುಸಿಯನ್ನು ಕಳ್ಳ, ಪಾಪಿ ಎಂದು ಬೈಯುವ ನಾಲಗೆ ಸ್ವಲ್ಪ ತಡೆದೀತು.

ಕದ್ರಿಯ ಲೋಕೇಶ್ವರ ಮೂರ್ತಿಯನ್ನು ನಮ್ಮಲ್ಲಿ ಬಹಳಷ್ಟು ಜನ ನೋಡಿದ್ದೀರಿ. 968ರ ಶಾಸನವಿರುವ, ಆಳುಪರ ಕುಂದವರ್ಮನ ಕಾಲದ ಕಂಚಿನ ಮೂರ್ತಿ. ಅವಲೋಕಿತೇಶ್ವರ ಕರುಣೆಯ ಬೋಧಿಸತ್ವ. ಅವಲೋಕಿಸುವುದು ಎಂದರೆ ಕಣ್ಣಿಟ್ಟು ನೋಡುವುದು. ಕರುಣೆ ನೋಡುವುದರಿಂದಲೇ ಶುರುವಾಗುತ್ತದೆ. ಗೂಡನ್ನೂ ಹಾಗೆ ನೋಡಬೇಕು.

ಪೇಟೆಯಲ್ಲಿ ಸಿಗುವ ತೆಳು ತಂತಿಯ ಕೋಳಿಬಲೆ ಕೋಳಿಯನ್ನು ಒಳಗಿಡುತ್ತದೆ, ನಾಯಿಯನ್ನು ಹೊರಗಿಡುವುದಿಲ್ಲ. ಅರ್ಧ ಇಂಚು ಕಣ್ಣಿನ ಗಟ್ಟಿ ವೆಲ್ಡ್ ಮೆಶ್ ಬೇಕು, ಅದರ ಅಂಚು ಒಂದು ಅಡಿ ಮಣ್ಣಿನೊಳಗೆ ಇಳಿಯಬೇಕು. ಮುರಕಲ್ಲು ಇಟ್ಟು ಗೂಡನ್ನು ನೆಲದಿಂದ ಎತ್ತರಿಸಬಹುದು. ಹೊತ್ತು ಮುಳುಗುವ ಮೊದಲೇ ಎಣಿಸಿ ಒಳಗೆ ಹಾಕಿ ಚಿಲಕ ಹಾಕಬೇಕು. ಮುಂಗುಸಿ, ಗಿಡುಗಗಳು ಹಗಲಲ್ಲೇ ಬರುವುದರಿಂದ ಮರಿಗಳಿಗೆ ಹಗಲೂ ಬಲೆಯ ಮರೆ ಬೇಕು. ಮೀನಿನ ತಲೆ, ಬಾಲ ಹಿತ್ತಿಲಿಗೆ ಎಸೆದರೆ ನಾಯಿಗಳನ್ನು ನಾವೇ ಕರೆದಂತೆ. ಹೆಬ್ಬಾವು ಕಂಡರೆ ಅರಣ್ಯ ಇಲಾಖೆಯವರಿಗೋ ಹಾವು ಹಿಡಿಯಲು ಬಲ್ಲವರಿಗೋ ಹೇಳಿಕಳಿಸಿ.

ಇಷ್ಟೆಲ್ಲ ಮಾಡಿದರೆ ಕೊಲ್ಲಬೇಕಾದ ಅಗತ್ಯ ಬಹುಮಟ್ಟಿಗೆ ಇಲ್ಲವಾಗುತ್ತದೆ. ಆದರೆ ಮೆಶ್‌ಗೆ ದುಡ್ಡು ಬೇಕು, ಗುಂಡಿ ತೆಗೆಯಲು ಕೈ ಬೇಕು. ವಿಷದ ಪೊಟ್ಟಣ ಅಗ್ಗ. ಕೂಲಿಗೆ ಹೋಗಿ ಸಂಜೆ ದಣಿದು ಬಂದ ತಾಯಿಗೆ "ಪಾಣಾತಿಪಾತಾ ವೇರಮಣಿ ನೆನಪಿಡಮ್ಮ" ಎಂದಷ್ಟೇ ಹೇಳಿ ಬಂದರೆ, ಶೀಲದ ಖರ್ಚನ್ನೆಲ್ಲ ಅವರೊಬ್ಬರ ಮೇಲೆ ಹಾಕಿದಂತೆ. ಶೀಲದ ಜೊತೆಗೆ ದಾನ ನಡೆಯಬೇಕು. ಸಂಘ ಇರುವುದು ಇದಕ್ಕೇ.

ಇಂದಿನ ಅಭ್ಯಾಸ: ನಿಮ್ಮ ಬೀದಿಯಲ್ಲಿ ಕೋಳಿ ಸಾಕುವ ಮನೆ ಯಾವುದೆಂದು ನೋಡಿ. ಈ ಭಾನುವಾರ ವಂದನೆ ಮುಗಿದ ಮೇಲೆ ಇಬ್ಬರು ಮೂವರು ಸೇರಿ, ಒಂದಿಷ್ಟು ಮೆಶ್, ಒಂದು ಪಿಕಾಸಿ ಹಿಡಿದು ಅಲ್ಲಿಗೆ ಹೋಗಿ. ಅವರ ಕೋಳಿ ಆಗಲೇ ಹೋಗಿದ್ದರೆ, ನಿಮ್ಮ ಗೂಡಿನಿಂದ ಒಂದು ಹೇಂಟೆ ಕೊಡಿ.

ಭವತು ಸಬ್ಬ ಮಂಗಲಂ. ಜೈ ಭೀಮ್.