ಮಜ್ಜೆಯ ಋಣ

ಸದಾಶಿವ: ಗುರುಗಳೇ, ಇಂದು ಸೂಕ್ಷ್ಮದರ್ಶಕದಲ್ಲಿ ಅಸ್ಥಿಮಜ್ಜೆಯ ಲೇಪವನ್ನು ನೋಡಿದೆನು. ಎಳೆಯ ಕೆಂಪು ರಕ್ತಕಣವು ದೊಡ್ಡ ಕೋಶಕೇಂದ್ರವನ್ನೂ ಅದರ ಸುತ್ತ ದಟ್ಟವಾದ ನೀಲವರ್ಣವನ್ನೂ ಧರಿಸಿದ್ದಿತು. ಮುಂದಿನ ಹಂತದವು ಕಿರಿದಾಗುತ್ತ, ಹಿಮೋಗ್ಲೋಬಿನ್ ತುಂಬಿದಂತೆಲ್ಲ ನೀಲಿಯಿಂದ ಬೂದುಬಣ್ಣಕ್ಕೂ ಅಲ್ಲಿಂದ ನಸುಗೆಂಪಿಗೂ ತಿರುಗಿದ್ದವು. ಒಂದು ಕಣವಂತೂ ಕರಿಯ ಚುಕ್ಕೆಯಷ್ಟಾಗಿ ಮುದುಡಿದ ತನ್ನ ಕೋಶಕೇಂದ್ರವನ್ನೇ ಹೊರದೂಡುತ್ತಿದ್ದಿತು. ಇನ್ನೆಂದಿಗೂ ಇಬ್ಬಾಗವಾಗಿ ಸಂತತಿಯನ್ನು ಬೆಳೆಸಲಾರದಂತೆ ತನ್ನ ಸರ್ವಸ್ವವನ್ನೂ ತೊರೆಯುವ ಈ ಕಣವು ತ್ಯಾಗಮೂರ್ತಿಯಲ್ಲವೇ?

ಗುರುಗಳು: ಕಂಡದ್ದು ಸರಿ, ತಮ್ಮಾ, ಹೆಸರಿಟ್ಟದ್ದು ಅವಸರವಾಯಿತು. ಉಳಿಸಿಕೊಳ್ಳಬಲ್ಲವನು ತಿಳಿದು ಬಿಟ್ಟರೆ ಅದು ತ್ಯಾಗ. ಕಣಕ್ಕೆ ಅಂತಹ ಸಂಕಲ್ಪವೆಲ್ಲಿಯದು? ಹಕ್ಕಿಗಳ, ಕಪ್ಪೆಗಳ ಕೆಂಪು ಕಣಗಳು ಕೋಶಕೇಂದ್ರವನ್ನು ಇಟ್ಟುಕೊಂಡೇ ಆಮ್ಲಜನಕವನ್ನು ಹೊರುತ್ತವೆ. ಅವನ್ನು ಸ್ವಾರ್ಥಿಗಳೆನ್ನುವೆಯಾ?

ಸದಾಶಿವ: ಎನ್ನಲಾರೆ. ಆದರೂ ಕೇಂದ್ರವನ್ನು ಕಳೆದುಕೊಂಡುದರಿಂದಲೇ ನಮ್ಮ ಕಣವು ನಡುವೆ ತಗ್ಗಿದ ಬಿಲ್ಲೆಯ ಆಕಾರವನ್ನು ಪಡೆದು, ತನಗಿಂತ ಇಕ್ಕಟ್ಟಾದ ಲೋಮನಾಳಗಳಲ್ಲಿಯೂ ಮಡಿಚಿಕೊಂಡು ನುಸುಳುತ್ತದೆ. ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳಿಗೆ ಎಡೆಗೊಡುತ್ತದೆ. ನಷ್ಟವೇ ಇಲ್ಲಿ ಯೋಗ್ಯತೆಯಾಗಿಲ್ಲವೇ?

ಗುರುಗಳು: ಆಗಿದೆ, ಆದರೆ ಆ ಯೋಗ್ಯತೆ ಅದೊಂದರದೇ ಗಳಿಕೆಯೇ ಎಂಬುದನ್ನು ವಿಚಾರಮಾಡು. ಮಜ್ಜೆಯಲ್ಲಿ ಎಳೆಯ ಕಣಗಳು ಭಕ್ಷಕಕೋಶವೊಂದನ್ನು ನಡುವಿರಿಸಿಕೊಂಡು ದ್ವೀಪದಂತೆ ನೆರೆದಿರುವುದನ್ನು 1958ರಲ್ಲಿ ಫ್ರಾನ್ಸಿನ ಮಾರ್ಸೆಲ್ ಬೆಸಿಸ್ ಎಂಬ ವಿಜ್ಞಾನಿ ವರ್ಣಿಸಿದರು. ಕಣಗಳನ್ನು ಪೋಷಿಸುವುದೂ, ಅವು ಹೊರಹಾಕಿದ ಕೋಶಕೇಂದ್ರವನ್ನು ನುಂಗಿ ಜೀರ್ಣಿಸುವುದೂ ಆ ನಡುವಣ ಕೋಶವೇ. ದೂರದ ಮೂತ್ರಪಿಂಡವು ಆಮ್ಲಜನಕದ ಕೊರತೆಯನ್ನರಿತು ಎರಿತ್ರೋಪೊಯೆಟಿನ್ ಎಂಬ ಚೋದಕವನ್ನು ಕಳುಹಿಸದಿದ್ದರೆ ಆ ಎಳೆಯ ಕಣಗಳಲ್ಲಿ ಬಹುಪಾಲು ಪಕ್ವವಾಗುವ ಮೊದಲೇ ಅಳಿದುಹೋಗುತ್ತಿದ್ದವು. ಇನ್ನು ಹಿಮೋಗ್ಲೋಬಿನ್ನಿಗೆ ಬೇಕಾದ ಕಬ್ಬಿಣದ ಲೆಕ್ಕ: ಮಜ್ಜೆಗೆ ದಿನವೊಂದಕ್ಕೆ ಇಪ್ಪತ್ತು ಮಿಲಿಗ್ರಾಮಿಗೂ ಮಿಗಿಲಾಗಿ ಬೇಕು, ಅನ್ನದಿಂದ ದೇಹವು ಹೀರಿಕೊಳ್ಳುವುದಾದರೋ ಒಂದೆರಡು ಮಿಲಿಗ್ರಾಮು. ಮಿಕ್ಕುದೆಲ್ಲವೂ, ಸುಮಾರು 120 ದಿನ ದುಡಿದು ಜೀರ್ಣವಾದ ಹಳೆಯ ಕಣಗಳನ್ನು ಒಡೆದು ಗುಲ್ಮವೂ ಯಕೃತ್ತೂ ಹಿಂದಿರುಗಿಸಿದ ಸಂಪತ್ತು.

ಸದಾಶಿವ: ಹಾಗಾದರೆ ಈ ಕಣದಿಂದ ನಾವು ಕಲಿಯತಕ್ಕದ್ದು ತ್ಯಾಗವನ್ನಲ್ಲ, ಪರಸ್ಪರಾಶ್ರಯವನ್ನು ಎನ್ನುವಿರಾ?

ಗುರುಗಳು: ಅಷ್ಟಕ್ಕೇ ನಿಲ್ಲಬೇಡ. ಬಿಟ್ಟುಕೊಡುವವರನ್ನು ಕೊಂಡಾಡುವ ಮುನ್ನ ಅವರಿಗೆ ಒದಗತಕ್ಕದ್ದು ಒದಗಿದೆಯೇ ಎಂದು ಕೇಳುವುದನ್ನೂ ಕಲಿ. ಕಬ್ಬಿಣ ಸಾಲದಾದಾಗಲೂ ಮಜ್ಜೆಯು ಸುಮ್ಮನಿರುವುದಿಲ್ಲ. ಗಾತ್ರದಲ್ಲಿ ಕಿರಿದಾದ, ಬಣ್ಣದಲ್ಲಿ ಬಿಳಿಚಿದ ಕಣಗಳನ್ನಾದರೂ ಹೊರಗೆ ಕಳುಹಿಸುತ್ತಲೇ ಇರುತ್ತದೆ. ಹಾಗೆಯೇ ಮನೆಮಂದಿಗೆಲ್ಲ ಬಡಿಸಿ ಉಳಿದುದನ್ನು ಉಣ್ಣುವ ತಾಯಿಯ ಕೆಳರೆಪ್ಪೆಯನ್ನು ಒಮ್ಮೆ ಎಳೆದು ನೋಡು. ಒಳಗೆ ಕೆಂಪಿರಬೇಕಾದ ಕಡೆ ಬಿಳುಪೇರಿರುವುದು ಎಷ್ಟೋ ಮನೆಗಳಲ್ಲಿ ಕಾಣಸಿಗುತ್ತದೆ. ಆಕೆಯ ಸಹನೆಯನ್ನು ಹಾಡಿಹೊಗಳುವುದು ಆ ಬಿಳುಪಿಗೆ ಮದ್ದಲ್ಲ. ಸೊಪ್ಪು, ಕಾಳುಗಳನ್ನು ಆಕೆಯ ತಟ್ಟೆಗೆ ಮೊದಲು ಬಡಿಸು. ವೈದ್ಯರಲ್ಲಿಗೆ ಕರೆದೊಯ್ದು ರಕ್ತಪರೀಕ್ಷೆ ಮಾಡಿಸು. ಅವರು ಹೇಳಿದಲ್ಲಿ ಕಬ್ಬಿಣದ ಮಾತ್ರೆಯನ್ನು ತಪ್ಪದೆ ಕೊಡಿಸು.