ಸಿಟ್ಟೋ, ರೇಜೋ?

ಕೆಲವು ವಾರಗಳ ಹಿಂದೆ ರುದ್ರಾಭಿಷೇಕಕ್ಕೆಂದು ದೇವಸ್ಥಾನಕ್ಕೆ ಹೊರಟಿದ್ದೆವು. ಆಗಲೇ ತಡವಾಗಿತ್ತು. ಹೈವೇಯಲ್ಲಿ ಒಬ್ಬ ಸಿಗ್ನಲ್ ಕೊಡದೆ ಅಡ್ಡ ಬಂದ. ನಾನು ಹಾರ್ನ್ ಒತ್ತಿ, ಕನ್ನಡದಲ್ಲೇ ಬೈದು, ಸ್ವಲ್ಪ ದೂರ ಅವನ ಕಾರಿನ ಬೆನ್ನು ಹತ್ತಿದೆ. ಹಿಂದಿನ ಸೀಟಿನಿಂದ ಒಂಬತ್ತು ವರ್ಷದ ಮಗಳು ಕೇಳಿದಳು: "ಅಪ್ಪಾ, ಇದಕ್ಕೇ ಅಲ್ವಾ ರೋಡ್ ರೇಜ್ ಅನ್ನೋದು?"

"ಇಲ್ಲ ಪುಟ್ಟಿ, ಸ್ವಲ್ಪ ಸಿಟ್ಟು ಬಂತು, ಅಷ್ಟೆ" ಎಂದೆ. ಅವಳು ಸುಮ್ಮನಾದಳು. ನನಗೆ ಸಮಾಧಾನವಾಗಲಿಲ್ಲ.

ಮನೆಗೆ ಬಂದು ನಿಘಂಟು ತೆರೆದೆ. ರೇಜ್ ಎಂಬ ಪದ ಲ್ಯಾಟಿನ್ ಭಾಷೆಯ ರೇಬೀಸ್‌ನಿಂದ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದದ್ದು. ಹುಚ್ಚುನಾಯಿ ಕಡಿತದಿಂದ ಬರುವ ರೋಗಕ್ಕೂ ಅದೇ ಹೆಸರು! ಬಿರುಗಾಳಿ, ಕಾಳ್ಗಿಚ್ಚು, ಯುದ್ಧಗಳಿಗೂ ಇಂಗ್ಲಿಷಿನಲ್ಲಿ ಈ ಮಾತು ಸಲ್ಲುತ್ತದೆ. ಎಲ್ಲರೂ ಮುಗಿಬೀಳುವ ಫ್ಯಾಷನ್ನಿಗೂ 'ಆಲ್ ದ ರೇಜ್' ಎನ್ನುತ್ತಾರೆ. ರೋಡ್ ರೇಜ್ ಎಂಬ ಜೋಡಿಪದ ಅಮೆರಿಕದಲ್ಲಿ ಬಳಕೆಗೆ ಬಂದದ್ದು 1980ರ ದಶಕದ ಕೊನೆಯಲ್ಲಿ. ಇವೆಲ್ಲದರಲ್ಲೂ ಇರುವ ಅರ್ಥ ಒಂದೇ: ಹಿಡಿತ ತಪ್ಪಿದೆ.

ನಮ್ಮಲ್ಲೂ ಕೋಪಕ್ಕೆ ಹಲವು ಮೆಟ್ಟಿಲು. ಮುನಿಸು ಪ್ರೀತಿಯಿದ್ದಲ್ಲಿ ಹುಟ್ಟುತ್ತದೆ. ಸಿಟ್ಟು ಬಂದು ಹೋಗುತ್ತದೆ. ಕ್ರೋಧವಾದರೋ ಅರಿಷಡ್ವರ್ಗಗಳಲ್ಲಿ ಒಂದು. ಕ್ರೋಧದಿಂದ ಮೋಹ, ಮೋಹದಿಂದ ಸ್ಮೃತಿನಾಶ, ಅದರಿಂದ ಬುದ್ಧಿನಾಶ ಎಂದು ಗೀತೆಯ ಎರಡನೆಯ ಅಧ್ಯಾಯ ಎಚ್ಚರಿಸುತ್ತದೆ. ಮನೆಯೊಳಗಿನ ಬೆಂಕಿ ಮೊದಲು ಸುಡುವುದು ನಮ್ಮ ಮನೆಯನ್ನೇ ಎಂಬುದು ಬಸವಣ್ಣನವರ ವಚನವೊಂದರ ತಾತ್ಪರ್ಯ.

ಹಾಗಾದರೆ ಕೋಪವೆಲ್ಲ ಕೆಟ್ಟದ್ದೇ? ಅಂದು ದೇವಸ್ಥಾನದಲ್ಲಿ ಕೇಳಿದ ಶ್ರೀರುದ್ರದ ಮೊದಲ ನಮಸ್ಕಾರ ಸಲ್ಲುವುದೇ ರುದ್ರನ ಮನ್ಯುವಿಗೆ, ಅಂದರೆ ಕೋಪಕ್ಕೆ. ಆಮೇಲೆ ಅವನ ಬಾಣಕ್ಕೆ, ಬಿಲ್ಲಿಗೆ, ತೋಳುಗಳಿಗೆ. ಅದರ ಬೆನ್ನಿಗೇ ಆ ಬಿಲ್ಲುಬಾಣಗಳು ನಮಗೆ ಮಂಗಳಕರವಾಗಿರಲಿ ಎಂಬ ಪ್ರಾರ್ಥನೆ. ಕೋಪವೇ ಇಲ್ಲದಿರಲಿ ಎಂದು ಅಲ್ಲಿ ಬೇಡುವುದಿಲ್ಲ. 1893ರಲ್ಲಿ ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗಿನಲ್ಲಿ ಗಾಂಧೀಜಿಯವರನ್ನು ರೈಲಿನಿಂದ ಹೊರದಬ್ಬಿದಾಗ ಅವರಿಗೆ ನೋವಾಗದಿರಲಿಲ್ಲ. ಅವರು ಆ ನೋವನ್ನು ಒಬ್ಬ ಗಾರ್ಡಿನ ಮೇಲೆ ತೀರಿಸಿಕೊಳ್ಳದೆ, ಅನ್ಯಾಯದ ವಿರುದ್ಧ ತಿರುಗಿಸಿದರು.

ನನ್ನ ಕೋಪದಲ್ಲಿ ಅಂಥ ಅನ್ಯಾಯವೇನೂ ಇರಲಿಲ್ಲ. ಇದ್ದದ್ದು ತಡವಾದ ಆತಂಕ, ಜೊತೆಗೆ ಅಹಂಕಾರ. ನಮಗೆ ಬಂದರೆ ಅದು ಸಿಟ್ಟು, ಪಕ್ಕದ ಕಾರಿನವನಿಗೆ ಬಂದರೆ ರೇಜ್! ಹೆಸರು ಚಿಕ್ಕದಾದರೆ ತಪ್ಪೂ ಚಿಕ್ಕದೆನಿಸುತ್ತದೆ. ಹಿಂದಿನ ಸೀಟಿನಲ್ಲಿ ಕುಳಿತ ಮಕ್ಕಳಿಗೆ ಮಾತ್ರ ಅದರ ಸರಿಯಾದ ಹೆಸರು ಗೊತ್ತಿರುತ್ತದೆ.

ರಾತ್ರಿ ಮಗಳನ್ನು ಕರೆದು, "ನೀನು ಹೇಳಿದ್ದೇ ಸರಿ, ಪುಟ್ಟಿ" ಎಂದೆ. ಮುಂದಿನ ವಾರ ಹದಿನೈದು ನಿಮಿಷ ಮೊದಲೇ ಮನೆ ಬಿಟ್ಟೆವು.